ಶಾಯಿಯ ಹನಿಯೋ, ಅಕ್ಷರದ ಚುಕ್ಕೆಯೋ

ಚಿಕ್ಕಮ್ಮನ ಮಗನ ಹೊಸ ಮನೆಯ ಗೃಹಪ್ರವೇಶ ಮುಗಿದು ಮೂರು ತಿಂಗಳಾಯಿತು. ಅಂದು ಯಾರು ಯಾರು ಬಂದಿದ್ದರು, ಊಟಕ್ಕೆ ಏನಿತ್ತು ಎಂಬುದೆಲ್ಲ ಮಸುಕಾಗಿದೆ. ಹಜಾರದ ಗೋಡೆಗೆ ತೂಗುಹಾಕಿದ್ದ ಒಂದು ಚಿತ್ರ ಮಾತ್ರ ಕಣ್ಣಿನಿಂದ ಸರಿಯುತ್ತಿಲ್ಲ. ಮೂರಡಿ ಎತ್ತರದ ತೈಲವರ್ಣ. ಸುತ್ತ ಕತ್ತಲುಗಟ್ಟಿದ ಕಾಡು, ನಡುವೆ ಆಳೆತ್ತರವನ್ನೂ ಮೀರಿದ ಕಲ್ಲುಕಂಬ, ಕಂಬದ ಮೈತುಂಬ ಚೌಕ ಚೌಕವಾಗಿ ಕೆತ್ತನೆ. ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಇಂಗ್ಲೆಂಡಿನ ಕಲಾವಿದ ಫ್ರೆಡರಿಕ್ ಕ್ಯಾಥರ್‌ವುಡ್ 1844ರಲ್ಲಿ ಹೊರತಂದ 25 ಕಲ್ಲಚ್ಚು (ಲಿಥೊಗ್ರಾಫ್) ಚಿತ್ರಗಳ ಸಂಪುಟದಲ್ಲಿ ಇದು ಒಂದು: ಹೊಂಡುರಾಸ್ ದೇಶದ ಕೊಪಾನ್ ಎಂಬಲ್ಲಿ ಕಾಡಿನಲ್ಲಿ ಹೂತುಹೋಗಿದ್ದ, ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ನಗರದ ವಿಗ್ರಹವೊಂದರ ಹಿಂಬದಿ. ಆ ಸಂಪುಟದ ಚಿತ್ರಗಳನ್ನು ನಾನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಇಲ್ಲಿ ಯಾರೋ ಅದನ್ನು ಕ್ಯಾನ್ವಾಸಿನ ಮೇಲೆ ಬಣ್ಣದಲ್ಲಿ ಮತ್ತೆ ಬರೆದಿದ್ದರು.

“ಪ್ರಿಂಟ್ ಅಲ್ಲ ಅಕ್ಕ, ಕೈಯಿಂದಲೇ ಬರೆದದ್ದು. ಮುಟ್ಟಿ ನೋಡು” ಎಂದ ತಮ್ಮ. ಆನ್‌ಲೈನಿನಲ್ಲಿ ಆರಿಸಿ, ಅಳತೆ ಕೊಟ್ಟು ಬರೆಸಿದ್ದನಂತೆ. ಮುಟ್ಟಿ ನೋಡಿದೆ. ಬಣ್ಣದ ಏರುತಗ್ಗು ಬೆರಳಿಗೆ ಹತ್ತಿತು. ಕಂಬಕ್ಕೆ ಸುತ್ತಿಕೊಂಡ ಬಳ್ಳಿಯನ್ನು ಬರೆದವನು ಎಲೆ ಎಲೆಯನ್ನೂ ಪ್ರೀತಿಯಿಂದ ತಿದ್ದಿದ್ದ. ಒಂದೊಂದು ಎಲೆಗೂ ನಡುನರ, ಅಂಚಿನಲ್ಲಿ ಬೆಳಕಿನ ಗೆರೆ. ಆಮೇಲೆ ಕಣ್ಣು ಕಂಬದ ಕೆತ್ತನೆಗೆ ಹೋಯಿತು. ಕ್ಯಾಥರ್‌ವುಡ್‌ನ ಚಿತ್ರದಲ್ಲಿ ಅವು ಅಕ್ಷರಗಳು. ಒಂದು ಚೌಕದ ಹಾಗೆ ಇನ್ನೊಂದಿಲ್ಲ, ಪ್ರತಿಯೊಂದರ ಒಳಗೂ ಬೇರೆ ಬೇರೆ ಗೆರೆ, ಬೇರೆ ಬೇರೆ ಆಕಾರ. ಈ ಚಿತ್ರದಲ್ಲಿ ಚೌಕಗಳಿದ್ದವು, ಒಳಗೆ ಅಕ್ಷರವಿರಲಿಲ್ಲ. ಕಂದು ಬಣ್ಣದ ಒಂದು ಸುಳಿ, ಅದರ ಮೇಲೆ ಹಳದಿಯ ಒಂದು ಎಳೆ. ಮುಂದಿನ ಚೌಕದಲ್ಲಿ ಅದೇ ಸುಳಿ ಸ್ವಲ್ಪ ಓರೆಯಾಗಿ. ಅದರ ಕೆಳಗೂ ಅದೇ. ಮುದ್ರಣಾಲಯದಲ್ಲಿ 20 ವರ್ಷ ಕರಡು ತಿದ್ದಿದ ಕಣ್ಣಿಗೆ ಅದು ಇಡೀ ಪುಟದಲ್ಲಿ ‘ಕಕಕಕ’ ಎಂದು ಜೋಡಿಸಿಟ್ಟ ಹಾಗೆ ಕಂಡಿತು. ಹಬ್ಬದ ಮನೆಯಲ್ಲಿ ಅದನ್ನು ಹೇಳಲಾಗಲಿಲ್ಲ.

ಪಕ್ಕದಲ್ಲಿ ನಿಂತಿದ್ದ ತಮ್ಮನ ಮಾವನವರು, “ಇದು ನಮ್ಮ ಮಯಾಸುರ ಕಟ್ಟಿದ ಊರಲ್ಲವೇನಮ್ಮ? ಅಲ್ಲಿಯ ಕಲ್ಲಿನಲ್ಲಿ ಆನೆಯೂ ಇದೆಯಂತೆ” ಎಂದರು. ಬಹಳ ಓದಿಕೊಂಡವರು, ಹಗುರವಾಗಿ ಮಾತಾಡುವವರಲ್ಲ. ಆಗ ಸುಮ್ಮನೆ ತಲೆಯಾಡಿಸಿದೆ. ಅವರು ಹೇಳಿದ ಆನೆಗೂ ಆ ಕಂದು ಸುಳಿಗಳಿಗೂ ಸಂಬಂಧವಿದೆ ಎಂದು ಹೊಳೆದದ್ದು ಮನೆಗೆ ಬಂದ ಮೇಲೆ.

ಕಾಕಾ ಬರೆದ ದವಾಖಾನೆ

ರಾಯಚೂರಿನಲ್ಲಿ ನಮ್ಮ ಕಾಕಾ ಬೋರ್ಡು ಬರೆಯುತ್ತಿದ್ದರು. ಕನ್ನಡ, ಇಂಗ್ಲಿಷ್, ತೆಲುಗು ಮೂರೂ ಓದಲು ಬರುತ್ತಿತ್ತು. ಉರ್ದು ಬರುತ್ತಿರಲಿಲ್ಲ; ಆದರೂ ಉರ್ದು ಬೋರ್ಡು ಬರೆಯುತ್ತಿದ್ದರು. ಯುನಾನಿ ಹಕೀಮರೊಬ್ಬರು ತಮ್ಮ ದವಾಖಾನೆಗೆ ಬೋರ್ಡು ಬೇಕೆಂದು ಬಂದದ್ದು ನನಗೆ ಒಂಬತ್ತೋ ಹತ್ತೋ ವಯಸ್ಸಿದ್ದಾಗ. ಅವರು ಒಂದು ಚೀಟಿಯಲ್ಲಿ ಬರೆದುಕೊಟ್ಟು ಹೋದರು. ಕಾಕಾ ಚೀಟಿಯ ಮೇಲೆ ಪೆನ್ಸಿಲಿನಿಂದ ಸಣ್ಣ ಸಣ್ಣ ಚೌಕ ಹಾಕಿದರು. ಹಸಿರು ಬಣ್ಣ ಬಳಿದು ಒಣಗಿಸಿದ ತಗಡಿನ ಮೇಲೆ ಸುಣ್ಣದ ದಾರ ಹೊಡೆದು ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕಿದರು. ಆಮೇಲೆ ಚೀಟಿಯನ್ನೂ ತಗಡನ್ನೂ ತಲೆಕೆಳಗಾಗಿ ತಿರುಗಿಸಿ ಇಟ್ಟುಕೊಂಡರು. ಯಾಕೆ ಎಂದು ಕೇಳಿದೆ. “ಹೀಗಿಟ್ಟರೆ ಅದು ಅಕ್ಷರದ ಹಾಗೆ ಕಾಣುವುದಿಲ್ಲ, ಬರೀ ಗೆರೆ ಕಾಣುತ್ತದೆ. ಗೆರೆಯನ್ನಾದರೆ ಇದ್ದ ಹಾಗೆ ಬರೆಯಬಹುದು” ಎಂದರು. ಓದಲು ಬರುವ ಅಕ್ಷರದಲ್ಲೇ ತಪ್ಪು ಹೆಚ್ಚು ಎಂಬುದು ಅವರ ಅನುಭವ: ಮನಸ್ಸು ಮುಂದೆ ಓಡುತ್ತದೆ, ಕೈ ಹಿಂದೆ ಉಳಿಯುತ್ತದೆ, ನಡುವೆ ಒಂದು ಒತ್ತಕ್ಷರ ಬಿದ್ದುಹೋಗುತ್ತದೆ. ಕರಡು ತಿದ್ದುವ ಕೆಲಸಕ್ಕೆ ಸೇರಿದ ಮೇಲೆ ಆ ಮಾತು ಎಷ್ಟು ನಿಜವೆಂದು ದಿನಕ್ಕೊಮ್ಮೆಯಾದರೂ ನನಗೆ ಗೊತ್ತಾಗಿದೆ.

ಬೋರ್ಡು ಏರಿಸಿದ ದಿನ ಸಂಜೆ ಎದುರಿನ ದರ್ಜಿ ಅಂಗಡಿಯ ಚಾಚಾ ನೋಡಿ, ಒಂದು ನುಕ್ತಾ ಇಲ್ಲವಲ್ಲ ಎಂದರು. ‘ಖ’ಕಾರದ ಮೇಲೆ ಒಂದು ಚುಕ್ಕೆ ಇರಬೇಕು, ಇಲ್ಲದಿದ್ದರೆ ಅದು ‘ಹ’ ಆಗುತ್ತದೆ. ಕಾಕಾ ಓಡಿಬಂದು ಚೀಟಿ ತೆಗೆದು ನೋಡಿದರು. ಚುಕ್ಕೆ ಇತ್ತು. ಅಕ್ಷರದಿಂದ ಸ್ವಲ್ಪ ದೂರ ಸರಿದು, ದಪ್ಪಗೆ. “ಶಾಯಿಯ ಹನಿ ಸಿಡಿದಿದೆ ಎಂದುಕೊಂಡೆ” ಎಂದರು. ಅವರ ಮುಖ ಸಣ್ಣದಾದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಕತ್ತಲಾಗುವ ಮುಂಚೆ ಏಣಿ ಹಾಕಿಸಿ, ನನ್ನ ಕೈಗೆ ಬಿಳಿಯ ಎನಾಮಲ್ ಡಬ್ಬಿ ಕೊಟ್ಟು ಮೇಲೆ ಹತ್ತಿದರು. ಒಂದೇ ಒಂದು ಚುಕ್ಕೆ. ಅದನ್ನು ಇಟ್ಟು ಇಳಿದು, ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಬಹಳ ಹೊತ್ತು ನೋಡಿದರು.

ಕೆಸರಿನಲ್ಲಿ ನಿಂತವನು

ಕ್ಯಾಥರ್‌ವುಡ್ ಕೊಪಾನಿಗೆ ಬಂದದ್ದು 1839ರ ನವೆಂಬರಿನಲ್ಲಿ, ಅಮೆರಿಕದ ವಕೀಲ, ಪ್ರವಾಸಿ ಜಾನ್ ಲಾಯ್ಡ್ ಸ್ಟೀಫನ್ಸ್ ಜೊತೆಗೆ. ಸ್ಟೀಫನ್ಸ್ ಆ ನಗರದ ಅವಶೇಷಗಳಿದ್ದ ಜಾಗವನ್ನೇ 50 ಡಾಲರಿಗೆ ಕೊಂಡುಕೊಂಡ ಕಥೆ ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಅದಕ್ಕಿಂತ ಸಣ್ಣ ಸಂಗತಿ. ಕ್ಯಾಥರ್‌ವುಡ್ ಆ ಹೊತ್ತಿಗಾಗಲೇ ನುರಿತ ಕೈ. ಲಂಡನ್ನಿನಲ್ಲಿ ವಾಸ್ತುಶಿಲ್ಪ ಕಲಿತು, ಇಟಲಿ, ಗ್ರೀಸ್, ಈಜಿಪ್ಟುಗಳ ಹಳೆಯ ಕಟ್ಟಡಗಳನ್ನು ವರ್ಷಗಟ್ಟಲೆ ಬರೆದವನು. 1833ರಲ್ಲಿ ಜೆರುಸಲೇಮಿನ ಬಂಡೆಯ ಗುಮ್ಮಟವನ್ನು ಒಳಹೊಕ್ಕು ಅಳೆದು ಚಿತ್ರಿಸಿದವನು. ಅಂಥವನಿಗೆ ಕೊಪಾನಿನ ಕಲ್ಲಿನ ಮುಂದೆ ಕೈ ಓಡಲಿಲ್ಲ. ಸೊಳ್ಳೆಯ ಕಾಟಕ್ಕೆ ಕೈಗವಸು ಹಾಕಿಕೊಂಡು, ಕಾಲು ಕೆಸರಿನಲ್ಲಿ ಹೂತು ನಿಂತು ಬರೆಯುತ್ತಿದ್ದ. ಸ್ಟೀಫನ್ಸ್ ಬಂದು ನೋಡಿದಾಗ ಸುತ್ತ ಬಿಸಾಡಿದ ಹಾಳೆಗಳು ಬಿದ್ದಿದ್ದವು. ಆ ಕೆತ್ತನೆಯ ಗೆರೆಗಳು ಅವನು ಅದುವರೆಗೆ ಕಂಡಿದ್ದ ಯಾವುದಕ್ಕೂ ಹೋಲುತ್ತಿರಲಿಲ್ಲ. ಎಲ್ಲಿ ಮೂಗು ಮುಗಿದು ಕಿವಿಯೋಲೆ ಶುರುವಾಗುತ್ತದೆ, ಯಾವುದು ಉಬ್ಬು, ಯಾವುದು ನೆರಳು, ಯಾವುದು ಪಾಚಿ, ಯಾವುದು ಬಿರುಕು? ಕಾಕಾ ಚೀಟಿಯ ಮುಂದೆ ಕೇಳಿಕೊಂಡ ಪ್ರಶ್ನೆಯನ್ನು ಇವನು ಹತ್ತು ಹನ್ನೆರಡು ಅಡಿಯ ಕಲ್ಲಿನ ಮುಂದೆ ಕೇಳಿಕೊಳ್ಳಬೇಕಾಗಿತ್ತು.

ಅವನು ಕಂಡುಕೊಂಡ ದಾರಿಯೂ ಕಾಕಾ ಹಿಡಿದ ದಾರಿಯೇ. ಕಲ್ಲಿನ ಮೇಲೆ ಬೆಳಕು ಬೀಳುವಂತೆ ಮರ ಕಡಿಸಿದರು. ಕ್ಯಾಮೆರಾ ಲೂಸಿಡಾ ಎಂಬ ಉಪಕರಣವನ್ನು ಹೂಡಿದ. ಅದು ಕಡ್ಡಿಯ ತುದಿಯಲ್ಲಿ ಕೂರಿಸಿದ ಗಾಜಿನ ಪಟ್ಟಕ, ಅಷ್ಟೇ. ಅದರ ಮೂಲಕ ನೋಡಿದರೆ ಎದುರಿನ ವಸ್ತು ಹಾಳೆಯ ಮೇಲೆ ಬಿದ್ದ ಹಾಗೆ ಕಾಣುತ್ತದೆ, ಪೆನ್ಸಿಲಿನ ಮೊನೆಯೂ ಕಾಣುತ್ತದೆ. ಅದರಲ್ಲಿ ಹೊರಗೆರೆ ತೆಗೆದು, ಹಾಳೆಯನ್ನು ಭಾಗ ಭಾಗವಾಗಿ ವಿಂಗಡಿಸಿಕೊಂಡು, ಒಂದೊಂದು ಭಾಗವನ್ನು ಅದರದರ ಅಳತೆಯಲ್ಲಿ ತುಂಬಿದ. ಮುಂದೆ ಪುಸ್ತಕವಾಗುವಾಗ ಅಚ್ಚಿನ ಕರಡನ್ನು ಅವನೇ ನೋಡಿ ತಿದ್ದಿದ. ಕ್ಯಾಥರ್‌ವುಡ್ ನನ್ನ ಕಸುಬಿನವನೂ ಹೌದು ಎಂದು ಇದನ್ನು ಓದಿದಾಗ ಬಹಳ ಸಂತೋಷಪಟ್ಟಿದ್ದೆ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಕೈಯಿಂದ ಬರೆದ ನಕಲು ಎಂದರೆ ಮೂಲಕ್ಕೆ ಅಪಚಾರ ಎಂದು ನಾನು ಭಾವಿಸುವುದಿಲ್ಲ. 1844ರ ಆ ಸಂಪುಟವೇ ಕೈಯಿಂದ ಕೈಗೆ ದಾಟಿ ಬಂದದ್ದು. ಕ್ಯಾಥರ್‌ವುಡ್‌ನ ಚಿತ್ರಗಳನ್ನು ಕಲ್ಲಿನ ಮೇಲೆ ಮತ್ತೆ ಬರೆದವರು ಲಂಡನ್ನಿನ ಆರು ಮಂದಿ ಕಲ್ಲಚ್ಚು ಕಲಾವಿದರು. 300 ಪ್ರತಿಗಳಲ್ಲಿ ಕೆಲವಕ್ಕೆ ಮಾತ್ರ ಕೈಯಿಂದ ಬಣ್ಣ ಹಚ್ಚಿದರು. ಆ ಬಣ್ಣದ ಪ್ರತಿಗಳನ್ನೇ ಇಂದು ಲೋಕವೆಲ್ಲ ನಕಲು ಮಾಡುತ್ತಿದೆ. ಕಾಡಿನಲ್ಲಿ ಕಂಡ ಹಸಿರು ಎಷ್ಟು, ಬಣ್ಣದ ಕೋಣೆಯಲ್ಲಿ ಕೂತವರ ಹಸಿರು ಎಷ್ಟು ಎಂದು ಯಾರು ಬೇರ್ಪಡಿಸಬಲ್ಲರು? ಇಷ್ಟೆಲ್ಲ ಕೈ ದಾಟಿದರೂ ಅಕ್ಷರಗಳು ಅಕ್ಷರಗಳಾಗಿಯೇ ಉಳಿದವಲ್ಲ, ನನಗೆ ಅದು ದೊಡ್ಡದು.

ಸೊಂಡಿಲು ಬಂದ ಬಗೆ

ಈಗ ಮಾವನವರ ಆನೆಗೆ ಬರುತ್ತೇನೆ. ಕ್ಯಾಥರ್‌ವುಡ್‌ಗಿಂತ ಏಳೆಂಟು ವರ್ಷ ಮುಂಚೆ, 1832ರಿಂದ ಮುಂದಿನ ವರ್ಷದವರೆಗೆ, ಜಾನ್ ಫ್ರೆಡರಿಕ್ ವಾಲ್ಡೆಕ್ ಎಂಬ ಕಲಾವಿದ ಮೆಕ್ಸಿಕೋದ ಪಲೆಂಕೆ ಎಂಬ ಇನ್ನೊಂದು ಮಾಯಾ ನಗರದಲ್ಲಿ ಕೂತು ಅಲ್ಲಿಯ ಶಾಸನಗಳನ್ನು ನೋಡಿ ಬರೆದ. ಕೈಗೆ ಅದ್ಭುತ ಹಿಡಿತವಿದ್ದವನು. ಗೆರೆಯ ಸೊಬಗಿನಲ್ಲಿ ಕ್ಯಾಥರ್‌ವುಡ್ ಅವನ ಮುಂದೆ ಸಪ್ಪೆ ಎನ್ನಬಹುದು. ಆದರೆ ಈ ನಗರಗಳನ್ನು ಕಟ್ಟಿದವರು ಸಮುದ್ರದಾಚೆಯ ಹಳೆಯ ಲೋಕದಿಂದ ಬಂದವರು ಎಂಬ ನಂಬಿಕೆ ಅವನ ತಲೆಯಲ್ಲಿ ಮೊದಲೇ ಕೂತಿತ್ತು. ಹಾಗಾಗಿ ಪಲೆಂಕೆಯ ಅಕ್ಷರಗಳಲ್ಲಿ ಅವನಿಗೆ ಆನೆಯ ತಲೆ ಕಂಡಿತು, ಕಂಡದ್ದನ್ನು ಬರೆದ. ಕಲ್ಲಿನಲ್ಲಿ ಆನೆ ಇರಲಿಲ್ಲ. ಅವನಿಗೆ ಅಕ್ಷರ ‘ಓದಲು’ ಬರುತ್ತಿತ್ತು ಎನ್ನೋಣ, ಕಾಕಾ ಹೇಳಿದ ಅರ್ಥದಲ್ಲಿ: ಮನಸ್ಸು ಮುಂದೆ ಓಡಿಬಿಟ್ಟಿತು.

ಆ ಆನೆ ಅಲ್ಲಿಗೇ ನಿಲ್ಲಲಿಲ್ಲ. 1924ರಲ್ಲಿ ಗ್ರಾಫ್ಟನ್ ಎಲಿಯಟ್ ಸ್ಮಿತ್ ಎಂಬ ಹೆಸರಾಂತ ಅಂಗರಚನಾ ವಿಜ್ಞಾನಿ ಕೊಪಾನಿನ ಇನ್ನೊಂದು ಕಂಬದ ಮೇಲ್ತುದಿಯಲ್ಲಿ ಭಾರತದ ಆನೆಗಳೂ ಅವುಗಳ ಮೇಲೆ ಕೂತ ಮಾವುತರೂ ಇದ್ದಾರೆಂದು ಒಂದು ಪುಸ್ತಕವನ್ನೇ ಬರೆದ. ಕ್ರಿ.ಶ. 731ರ ಆ ಕಂಬದಲ್ಲಿರುವುದು ಮಕಾ ಗಿಳಿ. ದೊಡ್ಡ ಬಾಗಿದ ಕೊಕ್ಕಿನ, ಆ ಕಣಿವೆಯಲ್ಲಿ ಇಂದಿಗೂ ಹಾರಾಡುವ ಪಕ್ಷಿ. ಆ ಕಂಬ ‘ಮಕಾ ಬೆಟ್ಟ’ ಎಂಬ ಜಾಗವನ್ನು ಹೆಸರಿಸುತ್ತದೆ. ಕೊಕ್ಕು ಸೊಂಡಿಲಾಯಿತು, ಸೊಂಡಿಲಿನಿಂದ ಮಾವುತ ಹುಟ್ಟಿದ, ಮಾವುತನಿಂದ ಒಂದು ಸಾಗರಯಾನ ಹುಟ್ಟಿತು. ನಮಗೆ ಮಯ ಎಂಬ ಹೆಸರು ಮೊದಲೇ ಗೊತ್ತಿದ್ದುದರಿಂದ ಮಾಯಾ ಎಂದು ಕೇಳಿದೊಡನೆ ನಂಟು ಬೆಸೆಯುವುದು ಸುಲಭವಾಯಿತು. ಮಾವನವರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಆದರೆ ಈ ಮಾತು ಹಬ್ಬಿದಲ್ಲೆಲ್ಲ ಕೊಪಾನಿನ ಕಲ್ಲುಕುಟಿಗರಿಂದ ಅವರ ಕೆಲಸವನ್ನು ಕಿತ್ತುಕೊಂಡ ಹಾಗಾಗುತ್ತದೆ ಎಂಬುದು ನನಗೆ ನೋವಿನ ವಿಷಯ. ಈಜಿಪ್ಟನ್ನು ಕಣ್ಣಾರೆ ಕಂಡು ಅಳೆದಿದ್ದ ಕ್ಯಾಥರ್‌ವುಡ್ ತನ್ನ ಸಂಪುಟದ ಮುನ್ನುಡಿಯಲ್ಲಿ, ಇದನ್ನು ಕಟ್ಟಿದವರು ಈ ನೆಲದ ಜನರೇ ಎಂದು ಬರೆದ. ಅಷ್ಟು ದಿನ ಕಲ್ಲನ್ನು ಇದ್ದ ಹಾಗೆ ನೋಡಿದವನಿಗೆ ಬೇರೆ ಮಾತು ಬರುವಂತಿರಲಿಲ್ಲ.

ಒಂದು ಚುಕ್ಕೆಯ ಬೆಲೆ

ಮಾಯಾ ಲಿಪಿಯಲ್ಲಿ ಸಂಖ್ಯೆ ಬರೆಯುವ ಕ್ರಮ ಸರಳ. ಒಂದು ಚುಕ್ಕೆ ಎಂದರೆ ಒಂದು, ಒಂದು ಅಡ್ಡಪಟ್ಟಿ ಎಂದರೆ ಐದು. ಒಂದು ಪಟ್ಟಿ, ಎರಡು ಚುಕ್ಕೆ ಇದ್ದರೆ ಏಳು. ತೊಡಕಿರುವುದು ಕಲ್ಲುಕುಟಿಗನ ಅಂದದ ಪ್ರಜ್ಞೆಯಲ್ಲಿ. ಒಂದೇ ಚುಕ್ಕೆ ಇದ್ದಾಗ ಜಾಗ ಖಾಲಿ ಕಾಣಬಾರದೆಂದು ಅತ್ತ ಇತ್ತ ಅರ್ಧಚಂದ್ರದಂಥ ಗುರುತು ಕೆತ್ತುತ್ತಿದ್ದ. ಎರಡಿದ್ದರೆ ನಡುವೆ ಒಂದು. ಅದಕ್ಕೆ ಬೆಲೆಯಿಲ್ಲ, ಬರೀ ಅಲಂಕಾರ. ಮಳೆಗೆ ಸವೆದ ಕಲ್ಲಿನಲ್ಲಿ ಅರ್ಧಚಂದ್ರ ಯಾವುದು, ಚುಕ್ಕೆ ಯಾವುದು? ದೀರ್ಘ ಗಣನೆ ಎಂಬ ಅವರ ಪಂಚಾಂಗದಲ್ಲಿ ಕಾತುನ್ ಎಂಬ ಸ್ಥಾನದ ಒಂದು ಚುಕ್ಕೆ 7,200 ದಿನ. ನಕಲು ಮಾಡುವವನ ಕೈಯಲ್ಲಿ ಅದೊಂದು ಜಾರಿಬಿದ್ದರೆ ಸುಮಾರು 20 ವರ್ಷ ಜಾರಿಬಿದ್ದ ಹಾಗೆ. ಒಬ್ಬ ರಾಜ ಹುಟ್ಟುವ ಮೊದಲೇ ಪಟ್ಟಕ್ಕೆ ಬಂದುಬಿಡಬಹುದು.

ಕ್ಯಾಥರ್‌ವುಡ್‌ಗೆ ಇದು ಯಾವುದೂ ಗೊತ್ತಿರಲಿಲ್ಲ. ಆ ಲಿಪಿಯನ್ನು ಓದುವವರು ಆಗ ಲೋಕದಲ್ಲಿ ಒಬ್ಬರೂ ಇರಲಿಲ್ಲ. ಲೆನಿನ್‌ಗ್ರಾಡಿನ ಯೂರಿ ಕ್ನೊರೊಜೊವ್ ಅದರ ಉಚ್ಚಾರಣೆಯ ಬೀಗವನ್ನು ತೆರೆದದ್ದು 1952ರಲ್ಲಿ. ಆ ಶಾಸನಗಳಲ್ಲಿರುವುದು ರಾಜರ ಹುಟ್ಟು, ಪಟ್ಟ, ಸಾವುಗಳ ಚರಿತ್ರೆ ಎಂದು ತತಿಯಾನಾ ಪ್ರೊಸ್ಕುರಿಯಾಕೊವ್ ತೋರಿಸಿದ್ದು 1960ರಲ್ಲಿ. ಆಕೆಯೂ ಚಿತ್ರ ಬರೆಯುವ ಕೆಲಸದಿಂದಲೇ ಈ ಲೋಕಕ್ಕೆ ಬಂದವಳು ಎಂಬುದನ್ನು ನಾನು ಯಾರಿಗೆ ಬೇಕಾದರೂ ಹೆಮ್ಮೆಯಿಂದ ಹೇಳುತ್ತೇನೆ. ಪಿಯೆದ್ರಾಸ್ ನೆಗ್ರಾಸ್ ನಗರ ಬಾಳಿ ಬದುಕಿದ್ದಾಗ ಹೇಗಿದ್ದಿರಬೇಕೆಂದು ಅಳತೆ ಹಿಡಿದು ಜಲವರ್ಣದಲ್ಲಿ ಬರೆದವಳು. ಮುಂದೆ ಅದೇ ನಗರದ ಕಲ್ಲುಗಳ ತಾರೀಖುಗಳನ್ನು ಸಾಲಾಗಿಟ್ಟು, ಪ್ರತಿ ಗುಂಪೂ ಒಬ್ಬ ಮನುಷ್ಯನ ಆಯುಷ್ಯದಷ್ಟೇ ಉದ್ದವಿದೆ ಎಂದು ಕಂಡುಕೊಂಡಳು. ಈಗ ಕೊಪಾನಿನ ಕಂಬಗಳಿಗೆ ಹೆಸರಿದೆ. ಆ ದೊಡ್ಡ ಅಂಗಳದ ಬಹುಪಾಲು ಕಂಬಗಳನ್ನು ನಿಲ್ಲಿಸಿದವನು ಅಲ್ಲಿಯ 13ನೇ ರಾಜ. 695ರಲ್ಲಿ ಪಟ್ಟಕ್ಕೆ ಬಂದು, 738ರಲ್ಲಿ ನೆರೆಯ ಕಿರಿಗುವಾದ ದೊರೆಯ ಕೈಗೆ ಸಿಕ್ಕಿ ತಲೆ ಕೊಟ್ಟವನು. ಓದುವವರೇ ಇಲ್ಲದಿದ್ದ ಕಾಲದಲ್ಲಿ ಅಂಥವನ ಕಂಬಗಳ ಅಕ್ಷರಗಳನ್ನು ಕ್ಯಾಥರ್‌ವುಡ್ ಒಂದೊಂದಾಗಿ ಹಾಳೆಗೆ ಇಳಿಸಿಟ್ಟ.

ಉಳಿದದ್ದು, ಸುಟ್ಟದ್ದು

ನಕಲಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ, ಕಲ್ಲೇ ಅಲ್ಲಿ ಇದೆಯಲ್ಲ ಎನ್ನಬಹುದು. ಎಷ್ಟೋ ಕಡೆ ಇಲ್ಲ. ಮೆಕ್ಸಿಕೋದ ಯುಕಾಟಾನಿನ ಇಸಾಮಾಲ್ ಊರಿನಲ್ಲಿ ಗಾರೆಯಿಂದ ಮಾಡಿದ ಭಾರಿ ಮುಖವೊಂದಿತ್ತು. ಆ ಸಂಪುಟದ ಕೊನೆಯ ಚಿತ್ರ ಅದರದ್ದು. ಇಂದು ಆ ಮುಖವಿಲ್ಲ, ಚಿತ್ರವಿದೆ. ಚಿಚೆನ್ ಇಟ್ಸಾದಲ್ಲಿ ಜಾಗ್ವಾರ್ ಗುಡಿಯ ಮೇಲಿನ ಕೋಣೆಯ ಗೋಡೆಗಳಲ್ಲಿ ಯುದ್ಧದ ವರ್ಣಚಿತ್ರಗಳಿದ್ದವು. ಇಂಗ್ಲೆಂಡಿನ ಅಡೆಲಾ ಬ್ರೆಟನ್ 1900ರಿಂದ ಹಲವು ಸಲ ಅಲ್ಲಿಗೆ ಹೋಗಿ, ಅಳಿಸಿಹೋಗುತ್ತಿದ್ದ ಆ ಬಣ್ಣವನ್ನು ಜಲವರ್ಣದಲ್ಲಿ ಇಳಿಸಿಕೊಂಡಳು. ಮೊದಲ ಸಲ ಹೋದಾಗ ಆಕೆಗೆ 50 ದಾಟಿತ್ತು. ಗೋಡೆಯ ಬಣ್ಣ ಈಗ ಬಹುತೇಕ ಹೋಗಿದೆ. ಆ ಯುದ್ಧವನ್ನು ನೋಡಬೇಕಾದರೆ ಬ್ರಿಸ್ಟಲ್ ವಸ್ತುಸಂಗ್ರಹಾಲಯದಲ್ಲಿರುವ ಆಕೆಯ ಹಾಳೆಗಳನ್ನೇ ನೋಡಬೇಕು. ಬೊನಾಂಪಾಕ್ ಎಂಬ ಮಾಯಾ ನಗರದ ಮೂರು ಕೋಣೆಗಳ ಚಿತ್ರಗಳು 1946ರಲ್ಲಿ ಹೊರಲೋಕಕ್ಕೆ ತಿಳಿದಾಗ ಅವುಗಳ ಮೇಲೆ ಸುಣ್ಣದ ಬಿಳಿ ಪೊರೆ ಕಟ್ಟಿತ್ತು. ಗೋಡೆಗೆ ಸೀಮೆಎಣ್ಣೆ ಸವರಿದರೆ ಸ್ವಲ್ಪ ಹೊತ್ತು ಪೊರೆ ಪಾರದರ್ಶಕವಾಗಿ ಬಣ್ಣ ಮೇಲೆದ್ದು ಬರುತ್ತಿತ್ತು. ಅಷ್ಟರಲ್ಲಿ ನಕಲುಗಾರರು ಬರೆದುಕೊಳ್ಳಬೇಕು. ಮುಂದೆ ಗ್ವಾಟೆಮಾಲಾದ ಕಲಾವಿದೆ ರೀನಾ ಲಾಸೊ ಆ ಗೋಡೆಗಳನ್ನು ಪೂರ್ಣ ಅಳತೆಯಲ್ಲಿ ಬರೆದಳು. ಮೆಕ್ಸಿಕೋ ನಗರದ ಮಾನವಶಾಸ್ತ್ರ ಸಂಗ್ರಹಾಲಯದಲ್ಲಿರುವುದು ಆಕೆಯ ಕೈಕೆಲಸ.

ನಕಲೂ ಸುಡುತ್ತದೆ. 1842ರ ಜುಲೈ 31ರ ರಾತ್ರಿ ನ್ಯೂಯಾರ್ಕಿನಲ್ಲಿ ಕ್ಯಾಥರ್‌ವುಡ್‌ನ ಚಿತ್ರಪ್ರದರ್ಶನದ ಕಟ್ಟಡಕ್ಕೆ ಬೆಂಕಿ ಬಿತ್ತು. ಅಷ್ಟೊಂದು ಚಿತ್ರಗಳು ಹೋದವು. ಉಷ್ಮಾಲ್‌ನಿಂದ ಹೊತ್ತು ತಂದಿದ್ದ, ಅಕ್ಷರ ಕೆತ್ತಿದ ಮರದ ತೊಲೆಯೂ ಬೂದಿಯಾಯಿತು. ಹಡಗಿನಲ್ಲಿ ತಡವಾಗಿ ಬಂದ ಕಲ್ಲುಗಳು ಮಾತ್ರ ಉಳಿದವು. ನಮ್ಮ ಅಜಂತಾದ ಕಥೆಯೂ ಹೀಗೆಯೇ. ರಾಬರ್ಟ್ ಗಿಲ್ 20 ವರ್ಷದ ಹತ್ತಿರ ಗುಹೆಗಳಲ್ಲಿ ಕೂತು ಬರೆದ ತೈಲಚಿತ್ರಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಬೆಂಕಿಗೆ ಸಿಕ್ಕವು. ಜಾನ್ ಗ್ರಿಫಿತ್ಸ್ ತಂಡದ ನಕಲುಗಳಲ್ಲಿ ಎಷ್ಟೋ 1885ರಲ್ಲಿ ಸುಟ್ಟವು. ಆದರೂ ಮತ್ತೆ ಹೋದರು. 1910ರ ಚಳಿಗಾಲದಲ್ಲಿ ಹಾಗೆ ಹೋದವರಲ್ಲಿ ನಮ್ಮ ಕೆ. ವೆಂಕಟಪ್ಪನವರೂ ಒಬ್ಬರು.

ಕ್ಯಾಥರ್‌ವುಡ್ 1854ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಎಂಬ ಹಡಗಿನ ಜೊತೆ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿದ. ಅವನ ಭಾವಚಿತ್ರ ಒಂದೂ ಸಿಕ್ಕಿಲ್ಲ. ತುಲುಮ್‌ನ ಗುಡಿಯ ಚಿತ್ರದಲ್ಲಿ ಅಳತೆಪಟ್ಟಿ ಹಿಡಿದು ನಿಂತ ಸಣ್ಣ ಆಕೃತಿಯೊಂದಿದೆ. ಅದು ಅವನೇ ಎಂದು ಬಲ್ಲವರು ಊಹಿಸುತ್ತಾರೆ. ಗೃಹಪ್ರವೇಶದಿಂದ ಬಂದ ವಾರ ಆ ಚಿತ್ರದ ಕೈಯಿಂದ ಬರೆದ ನಕಲುಗಳನ್ನೂ ಅಂತರ್ಜಾಲದಲ್ಲಿ ಹುಡುಕಿ ನೋಡಿದೆ. ಒಂದರಲ್ಲಿ ಮನುಷ್ಯನಿದ್ದ, ಕೈಯಲ್ಲಿ ಪಟ್ಟಿ ಇರಲಿಲ್ಲ.

ತಮ್ಮನ ಗೋಡೆಯ ಚಿತ್ರ ಬರೆದವನ ಬಗ್ಗೆ ನನ್ನ ಸಿಟ್ಟು ಇಳಿದದ್ದು ಹೀಗೆ. ಮಾರುವವರು ತೋರಿಸಿದ್ದ ಮಾದರಿಯನ್ನು ಕಳಿಸು ಎಂದು ತಮ್ಮನನ್ನು ಕೇಳಿದೆ. ಅಂಗೈಯಗಲದ ಚಿತ್ರ. ಹಿಗ್ಗಿಸಿದರೆ ಎಲೆಗಳು ಎಲೆಗಳಾಗಿಯೇ ಇದ್ದವು, ಅಕ್ಷರಗಳಿದ್ದ ಕಡೆ ಮಸುಕಾದ ಕಂದು ಮಚ್ಚೆಗಳು ಮಾತ್ರ. ಎಲ್ಲೋ ಒಂದು ಕೋಣೆಯಲ್ಲಿ ಕೂತವನ ಕೈಗೆ ಸಿಕ್ಕ ಚೀಟಿ ಇದೇ ಇದ್ದಿರಬೇಕು. ಅವನಿಗೆ ಬಿಡಲು ಚುಕ್ಕೆಯೇ ಇರಲಿಲ್ಲ. ಅವನು ಎಲೆಯನ್ನು ಬಲ್ಲ, ಅದಕ್ಕೇ ಅದು ಅಷ್ಟು ಚೆನ್ನಾಗಿ ಬಂತು. ಒಳ್ಳೆಯ ಚೀಟಿ ಸಿಕ್ಕಿದ್ದರೆ ಬರೆಯುತ್ತಿದ್ದನೇನೋ ಎಂದು ಆ ಎಲೆಗಳನ್ನು ನೆನೆದಾಗಲೆಲ್ಲ ಅನ್ನಿಸುತ್ತದೆ.

ಹಾಗಾಗಿ ಚೀಟಿಯನ್ನು ನಾನೇ ತಯಾರಿಸುತ್ತಿದ್ದೇನೆ. ಮೂಲ ಕಲ್ಲಚ್ಚಿನ ದೊಡ್ಡ ಅಳತೆಯ ಪ್ರತಿಯೊಂದನ್ನು ಅಚ್ಚು ಹಾಕಿಸಿ, ಅದರ ಮೇಲೆ ಪೆನ್ಸಿಲಿನಿಂದ ಚೌಕ ಹಾಕಿ, ಕಾಕಾ ಇಡುತ್ತಿದ್ದ ಹಾಗೆ ತಲೆಕೆಳಗಾಗಿ ಇಟ್ಟುಕೊಂಡು ಮೊದಲ ಅಕ್ಷರದಿಂದ ಶುರುಮಾಡಿದ್ದೇನೆ. ಒಂದೇ ಅಕ್ಷರಕ್ಕೆ ಮೂರು ಸಂಜೆ ಬೇಕಾಯಿತು. ಅದರ ಕೆಳಮೂಲೆಯಲ್ಲಿ, ಗೆರೆಯಿಂದ ಸ್ವಲ್ಪ ದೂರ ಸರಿದು, ಒಂದು ಸಣ್ಣ ದುಂಡನೆಯ ಗುರುತಿದೆ. ಕೆತ್ತನೆಯ ಭಾಗವೋ, 1844ರಲ್ಲಿ ಕಲ್ಲಿನಿಂದ ಹಾಳೆಗೆ ಸಿಡಿದ ಶಾಯಿಯ ಹನಿಯೋ ತಿಳಿಯುತ್ತಿಲ್ಲ. ಅದನ್ನೂ ಅದೇ ಅಳತೆಯಲ್ಲಿ, ಅದೇ ಜಾಗದಲ್ಲಿ ಬರೆದೆ.